ನೋಡುವುದನ್ನೂ ಕಲಿಸಿದವರು

‘ಸಿನಿಮಾ ನೋಡಿ ಕೆಟ್ಟ’ ಎಂಬ ಮಾತು ನಮ್ಮ ಕಡೆಯ ಮನೆಗಳಲ್ಲಿ ಬಹಳ ಹಳೆಯದು. ಹಿಂದೆ ತಂಬೂ ಟಾಕೀಸಿಗೆ ಹೋಗಿ ಬಂದ ಹುಡುಗನಿಗೆ ಅಪ್ಪ ಹೇಳುತ್ತಿದ್ದ ಈ ಮಾತನ್ನು ಇಂದು ಅಂಗೈಯಲ್ಲಿ ಮೊಬೈಲು ಹಿಡಿದು ಕುಳಿತ ಮೊಮ್ಮಗನಿಗೆ ಅಜ್ಜ ಹೇಳುತ್ತಾನೆ. ಮಾತು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಅನ್ನ ಉಂಡೂ ಅಜೀರ್ಣವಾಗುತ್ತದೆ. ಹಾಗೆಂದು ಯಾವ ತಾಯಿಯೂ ಮಗನಿಗೆ ಅನ್ನ ನಿಲ್ಲಿಸುವುದಿಲ್ಲ. ಯಾವುದನ್ನು, ಎಷ್ಟು, ಹೇಗೆ ಉಣ್ಣಬೇಕು ಎಂದು ಕಲಿಸುತ್ತಾಳೆ. ಸಿನಿಮಾದ ವಿಷಯದಲ್ಲಿ ಈ ತಾಯಿಯ ಕೆಲಸವನ್ನು ಯಾರು ಮಾಡಬೇಕು? ಈ ಪ್ರಶ್ನೆಗೆ ಕರ್ನಾಟಕದ ಒಂದು ಸಣ್ಣ ಹಳ್ಳಿಯಲ್ಲಿ ಕುಳಿತು ಉತ್ತರ ಕೊಟ್ಟವರು ಕೆ.ವಿ. ಸುಬ್ಬಣ್ಣ. ವಿದ್ಯಾರ್ಥಿ ಮಿತ್ರರಿಗೂ ಅವರ ಪಾಲಕರಿಗೂ ಈ ವಾರ ಅವರ ಪರಿಚಯ ಮಾಡಿಕೊಡಬೇಕೆಂದಿದ್ದೇನೆ.

ವಿಜ್ಞಾನದ ಮಾಸ್ತರನಿಗೆ ಸಿನಿಮಾದ ಉಸಾಬರಿ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಸಿನಿಮಾ ಹುಟ್ಟಿದ್ದೇ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳ ಹೊಟ್ಟೆಯಲ್ಲಿ. ಅದರ ಮಾತು ಮುಂದೆ ಬರುತ್ತದೆ. ಮೊದಲು ಮನುಷ್ಯನ ಕಥೆ ಕೇಳಿರಿ.

ವಿಮರ್ಶಕನೆಂದರೆ ಯಾರು?

ಚಿತ್ರ ವಿಮರ್ಶಕನೆಂದರೆ ತಪ್ಪು ಹುಡುಕುವವನು, ಶುಕ್ರವಾರ ಬಿಡುಗಡೆಯಾದ ಚಿತ್ರಕ್ಕೆ ಭಾನುವಾರ ಅಂಕ ಕೊಡುವವನು ಎಂಬ ಕಲ್ಪನೆ ನಮ್ಮಲ್ಲಿದೆ. ಆದರೆ ಜಗತ್ತಿನ ಹಲವು ಕಡೆಗಳಲ್ಲಿ ವಿಮರ್ಶಕರು ಬರೆದು ಸುಮ್ಮನಾಗಲಿಲ್ಲ. ಒಳ್ಳೆಯ ಚಿತ್ರಗಳನ್ನು ಹುಡುಕಿ ತಂದು, ಜನರನ್ನು ಕೂಡಿಸಿ, ತೋರಿಸುವ ಕೆಲಸಕ್ಕೂ ಇಳಿದರು. ಸ್ಪೇನ್ ದೇಶದಲ್ಲಿ ಸಾನ್ ಸೆಬಾಸ್ಟಿಯನ್ ಎಂಬ ಸಮುದ್ರತೀರದ ಊರಿದೆ. 1953ರಿಂದ ಅಲ್ಲಿ ಹೆಸರಾಂತ ಚಿತ್ರೋತ್ಸವ ನಡೆಯುತ್ತ ಬಂದಿದೆ. ಪತ್ರಿಕೆಗಳಲ್ಲಿ ಚಿತ್ರ ವಿಮರ್ಶೆ ಬರೆಯುತ್ತಿದ್ದ ದಿಯೇಗೊ ಗಲಾನ್ ಎಂಬವರು ಎರಡು ಅವಧಿಗಳಲ್ಲಿ ಆ ಉತ್ಸವದ ನಿರ್ದೇಶಕರಾಗಿದ್ದರು. ಬಂಗಾಲದಲ್ಲಿ ಸತ್ಯಜಿತ್ ರಾಯ್ ತಾವಿನ್ನೂ ಚಿತ್ರ ಮಾಡುವ ಮೊದಲೇ, 1947ರಲ್ಲಿ, ಗೆಳೆಯರೊಂದಿಗೆ ಕಲಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದರು. ಬೆಂಗಳೂರಿನಲ್ಲಿ 1971ರಲ್ಲಿ ‘ಸುಚಿತ್ರಾ’ ಫಿಲ್ಮ್ ಸೊಸೈಟಿ ಹುಟ್ಟಿತು.

ಇವೆಲ್ಲ ನಗರದ ಮಾತುಗಳು. ನಗರದಲ್ಲಿ ಓದಿದವರು ಇರುತ್ತಾರೆ, ಸಭಾಂಗಣ ಇರುತ್ತದೆ, ವಿದೇಶೀ ಚಿತ್ರಗಳ ಅಡಿಬರಹ ಓದಬಲ್ಲವರು ಇರುತ್ತಾರೆ. ಇವು ಯಾವವೂ ಇಲ್ಲದ ಕಡೆ ಜಗತ್ತಿನ ಶ್ರೇಷ್ಠ ಚಿತ್ರಗಳ ಉತ್ಸವ ಮಾಡುತ್ತೇನೆ ಎಂದು ಹೊರಟರೆ ಜನ ಏನನ್ನುತ್ತಾರೆ? ‘ಹಳ್ಳಿಯವರಿಗೆ ಇದೆಲ್ಲ ಎಲ್ಲಿ ತಿಳೀತದರೀ?’ ಎನ್ನುತ್ತಾರೆ. ಸುಬ್ಬಣ್ಣನವರು ತಮ್ಮ ಬದುಕಿನುದ್ದಕ್ಕೂ ಎದುರಿಸಿ ನಿಂತದ್ದು ಈ ಒಂದು ಮಾತನ್ನು.

ಹೆಗ್ಗೋಡಿನ ಹುಡುಗರು

ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹೆಗ್ಗೋಡು ಅಡಿಕೆ ತೋಟಗಳ ನಡುವಿನ ಹಳ್ಳಿ. ಸಮೀಪದ ಮುಂಡಿಗೇಸರದಲ್ಲಿ 1932ರ ಫೆಬ್ರವರಿ 20ರಂದು ಸುಬ್ಬಣ್ಣ ಹುಟ್ಟಿದರು. ಮನೆತನದ ಕಸುಬು ಅಡಿಕೆ ಬೇಸಾಯ. 1949ರಲ್ಲಿ ಊರಿನ ಹುಡುಗರು ಕೂಡಿ ನಾಟಕ ಆಡಲು ಒಂದು ಸಂಘ ಕಟ್ಟಿದರು. ಊರ ದೇವರಾದ ನೀಲಕಂಠೇಶ್ವರನ ಹೆಸರಿನಲ್ಲಿ ಅದಕ್ಕೆ ‘ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ’ ಎಂದು ಹೆಸರಿಟ್ಟರು. ಮುಂದೆ ನಾಡೆಲ್ಲ ‘ನೀನಾಸಂ’ ಎಂದು ಕರೆದದ್ದು ಇದನ್ನೇ. ಆಗ ಸುಬ್ಬಣ್ಣನಿಗೆ 17 ವರ್ಷ, ನಮ್ಮಲ್ಲಿ ಪಿ.ಯು.ಸಿ. ಓದುವ ಹುಡುಗನ ವಯಸ್ಸು.

ಆ ಮೇಲೆ ಅವರು ಮೈಸೂರಿನ ಮಹಾರಾಜಾ ಕಾಲೇಜಿಗೆ ಹೋದರು. ಅಲ್ಲಿ ಕುವೆಂಪು ಅವರ ಶಿಷ್ಯರಾದರು. ಅಂದಿನ ಕಾಲಕ್ಕೆ ಅಂಥ ಓದು ಮುಗಿಸಿದವನಿಗೆ ನಗರದಲ್ಲಿ ಕಾಲೇಜು ನೌಕರಿ ದೊಡ್ಡ ಮಾತಾಗಿರಲಿಲ್ಲ. ಅವರು ಊರಿಗೆ ಮರಳಿದರು. ತೋಟ ನೋಡಿಕೊಂಡರು, ನಾಟಕ ಮಾಡಿಸಿದರು, ‘ಅಕ್ಷರ ಪ್ರಕಾಶನ’ ಸ್ಥಾಪಿಸಿ ಪುಸ್ತಕ ಹೊರತಂದರು. 1972ರಲ್ಲಿ ಆ ಹಳ್ಳಿಯಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿತು. 1973ರಲ್ಲಿ ‘ನೀನಾಸಂ ಚಿತ್ರಸಮಾಜ’ ಆರಂಭವಾಯಿತು.

ಚಿತ್ರಸಮಾಜವೆಂದರೆ ಬೇರೇನಲ್ಲ, ಒಳ್ಳೆಯ ಚಿತ್ರಗಳನ್ನು ಕೂಡಿ ನೋಡುವ, ನೋಡಿ ಮಾತಾಡುವ ಸಂಘ. ಟಿಕೀಟು ಕೊಂಡು ನೋಡುವ ಟಾಕೀಸಿನಲ್ಲಿ ಚಿತ್ರ ಮುಗಿದೊಡನೆ ಜನ ಬಾಗಿಲಿಗೆ ನುಗ್ಗುತ್ತಾರೆ. ಇಲ್ಲಿ ಚಿತ್ರ ಮುಗಿದ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ.

ಕೊಲ್ಹಾಪುರದ ನಂಟು

ಹೆಗ್ಗೋಡಿಗೆ ಜಪಾನಿನ, ಇಟಲಿಯ ಚಿತ್ರಗಳು ಬಂದದ್ದು ಎಲ್ಲಿಂದ? ಪುಣೆಯಿಂದ. ಪುಣೆಗೆ ಸಿನಿಮಾ ವಿದ್ಯೆ ಬಂದದ್ದು ಎಲ್ಲಿಂದ? ಇದನ್ನು ಕೇಳಿದರೆ ನಮ್ಮ ಅಥಣಿ, ಕಾಗವಾಡ, ನಿಪ್ಪಾಣಿಯ ಮಕ್ಕಳಿಗೆ ಸಂತೋಷವಾಗಬೇಕು. ನಾವು ಬಟ್ಟೆಗೆ, ಬೆಲ್ಲದ ಪೇಟೆಗೆ, ಮಹಾಲಕ್ಷ್ಮಿಯ ದರ್ಶನಕ್ಕೆ ಹೋಗುವ ಕೊಲ್ಹಾಪುರದಿಂದ!

ಮೂಕಿಚಿತ್ರಗಳ ಕಾಲದಲ್ಲಿ ಕೊಲ್ಹಾಪುರದ ಬಾಬುರಾವ್ ಪೇಂಟರ್ ಅಲ್ಲಿ ಚಿತ್ರ ಸಂಸ್ಥೆ ಕಟ್ಟಿದರು. ಅವರ ಕೈಕೆಳಗೆ ಕಲಿತ ವಿ. ಶಾಂತಾರಾಮ್, ದಾಮ್ಲೆ, ಫತ್ತೇಲಾಲ್ ಮೊದಲಾದವರು 1929ರಲ್ಲಿ ಕೊಲ್ಹಾಪುರದಲ್ಲೇ ‘ಪ್ರಭಾತ್’ ಕಂಪನಿ ಆರಂಭಿಸಿದರು. 1933ರಲ್ಲಿ ಅದು ಪುಣೆಗೆ ಹೋಯಿತು. ಕನ್ನಡದ ಮೊಟ್ಟಮೊದಲು ತೆರೆಕಂಡ ವಾಕ್ಚಿತ್ರ ‘ಸತಿ ಸುಲೋಚನಾ’ ತಯಾರಾದದ್ದೂ ಕೊಲ್ಹಾಪುರದ ಸ್ಟುಡಿಯೋದಲ್ಲಿ. 1934ರ ಮಾರ್ಚ್ 3ರಂದು ಅದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಕನ್ನಡ ಸಿನಿಮಾ ಮಾತು ಕಲಿತದ್ದು ನಮ್ಮ ಮಗ್ಗುಲಿನ ಊರಿನಲ್ಲಿ ಎಂದಾಯಿತಲ್ಲ!

ಪ್ರಭಾತ್ ಕಂಪನಿ ಮುಚ್ಚಿದ ಮೇಲೆ ಅದರ ಪುಣೆಯ ಆವರಣದಲ್ಲಿಯೇ 1960ರಲ್ಲಿ ಸರಕಾರದ ಫಿಲ್ಮ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. 1964ರಲ್ಲಿ ಅದೇ ಊರಿನಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿತು. ಇನ್‌ಸ್ಟಿಟ್ಯೂಟಿನಲ್ಲಿ ಚಲನಚಿತ್ರ ರಸಗ್ರಹಣದ ಪ್ರಾಧ್ಯಾಪಕರಾಗಿದ್ದವರು ಸತೀಶ್ ಬಹಾದ್ದೂರ್. ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದವರು ಪಿ.ಕೆ. ನಾಯರ್. ಈ ಇಬ್ಬರು ಸುಬ್ಬಣ್ಣನವರ ಕೆಲಸಕ್ಕೆ ಹೆಗಲು ಕೊಟ್ಟರು. ಒಬ್ಬರು ಪಾಠ ಹೇಳಿದರು, ಮತ್ತೊಬ್ಬರು ಚಿತ್ರಗಳ ಡಬ್ಬಿಗಳನ್ನು ಕಳಿಸಿದರು.

ನಾಯರ್ ಅವರ ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು. ನಮ್ಮ ದೇಶದಲ್ಲಿ ತಯಾರಾದ ಸುಮಾರು 1,700 ಮೂಕಿಚಿತ್ರಗಳಲ್ಲಿ ಪೂರ್ತಿಯಾಗಿ ಉಳಿದವು ಬೆರಳೆಣಿಕೆಯಷ್ಟು. ದಾದಾಸಾಹೇಬ ಫಾಳ್ಕೆಯವರ 1913ರ ‘ರಾಜಾ ಹರಿಶ್ಚಂದ್ರ’ ಕೂಡ ಇಡಿಯಾಗಿ ಉಳಿದಿಲ್ಲ. ‘ಸತಿ ಸುಲೋಚನಾ’ದ ಪ್ರತಿಯಂತೂ ಇಲ್ಲವೇ ಇಲ್ಲ. ನಾಯರ್ ಊರೂರು ತಿರುಗಿ, ಹಳೆಯ ಗೋದಾಮುಗಳಲ್ಲಿ, ಮನೆಗಳ ಅಟ್ಟಗಳಲ್ಲಿ ಕೊಳೆಯುತ್ತಿದ್ದ ಸುರುಳಿಗಳನ್ನು ತಂದು ಕಾಪಾಡಿದರು. ಕಾಪಾಡಿದ್ದನ್ನು ಬೀಗ ಹಾಕಿ ಇಡಲಿಲ್ಲ, ಹಳ್ಳಿಗೂ ಕಳಿಸಿದರು.

ಡಬ್ಬಿಯೊಳಗಿನ ವಿಜ್ಞಾನ

ಈ ಚಿತ್ರಗಳು ಅಷ್ಟೊಂದು ಸಂಖ್ಯೆಯಲ್ಲಿ ಯಾಕೆ ನಾಶವಾದವು? ಇಲ್ಲಿ ರಸಾಯನಶಾಸ್ತ್ರ ಬರುತ್ತದೆ. 1950ರ ಸುಮಾರಿನವರೆಗೆ ಟಾಕೀಸುಗಳಲ್ಲಿ ಬಳಸುತ್ತಿದ್ದ ಫಿಲ್ಮಿನ ಪಟ್ಟಿ ಸೆಲ್ಯುಲೋಸ್ ನೈಟ್ರೇಟಿನದು. ಇದು ಸಿಡಿಮದ್ದಿನ ಹತ್ತಿರದ ಸಂಬಂಧಿ. ಉರಿಯಲು ಬೇಕಾದ ಆಮ್ಲಜನಕ ಅದರ ಅಣುವಿನಲ್ಲಿಯೇ ಇರುವುದರಿಂದ ಒಮ್ಮೆ ಹೊತ್ತಿಕೊಂಡರೆ ನೀರು ಹಾಕಿದರೂ ಆರುವುದು ಕಷ್ಟ. ಹೊತ್ತಿಕೊಳ್ಳದಿದ್ದರೂ ವರ್ಷಗಳು ಕಳೆದಂತೆ ಅಂಟಾಗಿ, ಕೊನೆಗೆ ಪುಡಿಯಾಗುತ್ತದೆ. ಇನ್ನೊಂದು ಶತ್ರು ಬೆಳ್ಳಿ. ಕಪ್ಪು-ಬಿಳುಪು ಚಿತ್ರದ ಕಪ್ಪು ಭಾಗವೆಂದರೆ ಬೆಳ್ಳಿಯ ಸೂಕ್ಷ್ಮ ಕಣಗಳು. ಓಡಿ ಮುಗಿದ ಚಿತ್ರದ ಸುರುಳಿಗಿಂತ ಅದರಿಂದ ತೆಗೆದ ಬೆಳ್ಳಿಗೇ ಬೆಲೆ ಹೆಚ್ಚೆಂದು ತಿಳಿದವರು ಎಷ್ಟೋ ಚಿತ್ರಗಳನ್ನು ಕರಗಿಸಿಬಿಟ್ಟರು.

ಆ ಮೇಲೆ ಬಂದದ್ದು ಸೆಲ್ಯುಲೋಸ್ ಅಸಿಟೇಟಿನ ಪಟ್ಟಿ. ಇದು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಆದರೆ ಸೆಕೆ, ತೇವ ತಗುಲಿದರೆ ನಿಧಾನವಾಗಿ ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ಕೆಟ್ಟ ಫಿಲ್ಮಿನ ಡಬ್ಬಿ ತೆರೆದರೆ ವಿನೆಗರಿನ ಹುಳಿ ವಾಸನೆ ಬರುವುದು ಇದರಿಂದಲೇ. ಹತ್ತನೆಯ ತರಗತಿಯ ಮಕ್ಕಳು ಕಾರ್ಬಾಕ್ಸಿಲಿಕ್ ಆಮ್ಲದ ಪಾಠ ಓದುವಾಗ ಇದನ್ನು ನೆನಪಿಡಲಿ.

ಹಳ್ಳಿಯ ಚಿತ್ರೋತ್ಸವಕ್ಕೆ ದೊಡ್ಡ ವರವಾದದ್ದು 16 ಮಿಲಿಮೀಟರ್ ಅಗಲದ ಫಿಲ್ಮು. ಟಾಕೀಸಿನ ಫಿಲ್ಮು 35 ಮಿಲಿಮೀಟರಿನದು. ಅದರಲ್ಲಿ ಒಂದು ಅಡಿಗೆ 16 ಚೌಕಟ್ಟು. 16 ಮಿಲಿಮೀಟರಿನದರಲ್ಲಿ ಒಂದು ಅಡಿಗೆ 40 ಚೌಕಟ್ಟು. ಸೆಕೆಂಡಿಗೆ 24 ಚೌಕಟ್ಟು ಓಡಬೇಕು. ಹಾಗಾದರೆ ಎರಡು ತಾಸಿನ ಚಿತ್ರಕ್ಕೆ ಎಷ್ಟು ಉದ್ದದ ಪಟ್ಟಿ ಬೇಕು? ಮಕ್ಕಳೇ, ಮುಂದೆ ಓದುವ ಮೊದಲು ಕಾಗದ ತೆಗೆದು ಲೆಕ್ಕ ಮಾಡಿರಿ. 35 ಮಿಲಿಮೀಟರಿನಲ್ಲಿ 10,800 ಅಡಿ, ಅಂದರೆ ಸುಮಾರು 3.3 ಕಿಲೋಮೀಟರು. 16 ಮಿಲಿಮೀಟರಿನಲ್ಲಿ 4,320 ಅಡಿ, ಸುಮಾರು 1.3 ಕಿಲೋಮೀಟರು. ಅಗಲವೂ ಕಡಿಮೆ, ಉದ್ದವೂ ಕಡಿಮೆ. ಬಸ್ಸಿನಲ್ಲಿ ಒಯ್ಯಬಹುದಾದ ಡಬ್ಬಿಗಳು, ಮೇಜಿನ ಮೇಲೆ ಇಡಬಹುದಾದ ಯಂತ್ರ, ಒಂದು ಬಿಳಿಯ ಪರದೆ. ಇಷ್ಟಿದ್ದರೆ ಶಾಲೆಯ ಕೋಣೆಯೂ ಟಾಕೀಸು. 16 ಮಿಲಿಮೀಟರಿನ ಫಿಲ್ಮನ್ನು ಮೊದಲಿನಿಂದಲೂ ಬೇಗ ಹೊತ್ತಿಕೊಳ್ಳದ ಪಟ್ಟಿಯ ಮೇಲೆಯೇ ತಯಾರಿಸುತ್ತಿದ್ದುದರಿಂದ ಬೆಂಕಿಯ ಹೆದರಿಕೆಯೂ ಇರಲಿಲ್ಲ.

ಇನ್ನೊಂದು ಸೋಜಿಗ ಕೇಳಿರಿ. ಫಿಲ್ಮು ಯಂತ್ರದಲ್ಲಿ ಒಂದೇ ಸಮನೆ ಹರಿಯುವುದಿಲ್ಲ. ಒಂದು ಚೌಕಟ್ಟು ದೀಪದ ಮುಂದೆ ಬಂದು ಗಕ್ಕನೆ ನಿಲ್ಲುತ್ತದೆ, ಬೆಳಕು ಹಾಯುತ್ತದೆ, ತಿರುಗುವ ರೆಕ್ಕೆಯೊಂದು ಬೆಳಕನ್ನು ಮುಚ್ಚುತ್ತದೆ, ಆ ಕತ್ತಲೆಯಲ್ಲಿ ಮುಂದಿನ ಚೌಕಟ್ಟು ಬಂದು ನಿಲ್ಲುತ್ತದೆ. ಮಿನುಗು ಕಾಣದಿರಲೆಂದು ಒಂದೊಂದು ಚೌಕಟ್ಟನ್ನೂ ಎರಡು ಸಲ ಬೆಳಗಿಸುತ್ತಾರೆ. ಒಟ್ಟು ಲೆಕ್ಕ ಹಾಕಿದರೆ ಚಿತ್ರ ನಡೆಯುವ ಹೊತ್ತಿನಲ್ಲಿ ಸುಮಾರು ಅರ್ಧ ಹೊತ್ತು ಪರದೆ ಕತ್ತಲೆಯಾಗಿಯೇ ಇರುತ್ತದೆ! ನಿಂತ ಚಿತ್ರಗಳನ್ನು ಹೊಲಿದು ಚಲನೆಯನ್ನಾಗಿ ಮಾಡುವುದು ನೋಡುವವನ ಮೆದುಳು. ಹಳೆಯ ಪುಸ್ತಕಗಳು ಇದನ್ನೆಲ್ಲ ಕಣ್ಣಿನ ದೃಷ್ಟಿ ಸಾತತ್ಯದಿಂದಲೇ ಎಂದು ವಿವರಿಸುತ್ತಿದ್ದವು. ಕಣ್ಣಿಗಿಂತ ಹೆಚ್ಚಿನ ಕೆಲಸ ಮೆದುಳಿನದೆಂದು ಈಗ ತಿಳಿದಿದೆ.

ಅಂದರೆ ಸಿನಿಮಾದ ಅರ್ಧ ಭಾಗ ಪರದೆಯ ಮೇಲಿದೆ, ಉಳಿದರ್ಧ ನೋಡುವವನ ತಲೆಯೊಳಗಿದೆ. ಇದು ಬರೀ ಅಲಂಕಾರದ ಮಾತಲ್ಲ, ಯಂತ್ರದ ಸತ್ಯ. ತಲೆಯೊಳಗಿನ ಆ ಅರ್ಧವನ್ನು ಹದ ಮಾಡುವುದೇ ರಸಗ್ರಹಣ.

ಅಡಿಕೆ ತೋಟದಲ್ಲಿ ಕುರೊಸಾವಾ

1970ರ ದಶಕದ ಉತ್ತರಾರ್ಧದಲ್ಲಿ ಹೆಗ್ಗೋಡಿನಲ್ಲಿ ಜಗತ್ತಿನ ಶ್ರೇಷ್ಠ ಚಿತ್ರಗಳ ಉತ್ಸವ ನಡೆಯಿತು. ಸತ್ಯಜಿತ್ ರಾಯ್, ಜಪಾನಿನ ಅಕಿರಾ ಕುರೊಸಾವಾ, ಇಟಲಿಯ ವಿಟ್ಟೋರಿಯೊ ಡಿ ಸಿಕಾ, ಚಾರ್ಲಿ ಚಾಪ್ಲಿನ್ ಮೊದಲಾದವರ ಚಿತ್ರಗಳನ್ನು ಸುತ್ತಲಿನ ರೈತರು, ಕೂಲಿಗಳು, ಹೆಂಗಸರು, ಮಕ್ಕಳು ಕುಳಿತು ನೋಡಿದರು. ಆ ದಶಕ ಮುಗಿಯುವ ಹೊತ್ತಿಗೆ ರಸಗ್ರಹಣ ಶಿಬಿರಗಳೂ ಶುರುವಾದವು. ಚಿತ್ರ ತೋರಿಸುವುದು, ಅದರ ಬಗ್ಗೆ ಕನ್ನಡದಲ್ಲಿ ವಿವರಿಸುವುದು, ಆ ಮೇಲೆ ಎಲ್ಲರೂ ಕೂಡಿ ಮಾತಾಡುವುದು, ಇದು ಶಿಬಿರದ ಪದ್ಧತಿ. ಸಿನಿಮಾದ ಬಗ್ಗೆ ಸುಬ್ಬಣ್ಣ ಕನ್ನಡದಲ್ಲಿ ಬರೆದರು, ಬೇರೆಯವರಿಂದ ಬರೆಯಿಸಿದರು, ಪುಸ್ತಕ ಮಾಡಿದರು. 1980ರ ದಶಕದ ಮೊದಲರ್ಧದಲ್ಲಿ ‘ಜನಸ್ಪಂದನ’ ಎಂಬ ಯೋಜನೆಯ ಮೂಲಕ ನಾಟಕ ಶಿಬಿರ, ಚಿತ್ರೋತ್ಸವಗಳು ನಾಡಿನ ಬೇರೆ ಬೇರೆ ಹಳ್ಳಿಗಳಿಗೂ ಹೋದವು.

ಆ ಚಿತ್ರಗಳಲ್ಲಿ ಏನಿದೆ, ಹಳ್ಳಿಯವರಿಗೆ ಅವು ದಕ್ಕುವಂಥವೇ ಎಂದು ಕೇಳುವವರಿಗಾಗಿ ಮೂರನ್ನು ಹೇಳುತ್ತೇನೆ.

ರಾಯ್ ಅವರ 1955ರ ‘ಪಥೇರ್ ಪಾಂಚಾಲಿ’ಯಲ್ಲಿ ಅಪು ಮತ್ತು ಅವನ ಅಕ್ಕ ದುರ್ಗಾ ಎಂಬ ಬಡವರ ಮನೆಯ ಮಕ್ಕಳು. ಬಿಳಿಯ ಹೂವಿನ ಎತ್ತರದ ಹುಲ್ಲಿನ ನಡುವೆ ಓಡುತ್ತ ಅವರು ಮೊದಲ ಸಲ ರೈಲು ನೋಡುತ್ತಾರೆ. ಮುಂದೆ ಮಳೆಯಲ್ಲಿ ನೆನೆದು ಜ್ವರ ಬಂದ ದುರ್ಗಾ ತೀರಿಕೊಳ್ಳುತ್ತಾಳೆ. ಕುಡಚಿ, ಉಗಾರ, ಶೇಡಬಾಳ ನಿಲ್ದಾಣಗಳಲ್ಲಿ ಅಪ್ಪನ ಹೆಗಲ ಮೇಲೆ ಕುಳಿತು ಮೊದಲ ಸಲ ರೈಲು ಕಂಡ ಯಾವ ಮಗುವಿಗೆ ಇದು ತಿಳಿಯುವುದಿಲ್ಲ? ಬಂಗಾಲಿ ಬಾರದಿದ್ದರೂ ಆ ತಾಯಿಯ ಅಳು ನಮ್ಮ ಓಣಿಯ ಅಳುವೇ.

ಡಿ ಸಿಕಾ ಅವರ 1948ರ ‘ಬೈಸಿಕಲ್ ಥೀವ್ಸ್’ ಎರಡನೆಯ ಮಹಾಯುದ್ಧದ ನಂತರದ ರೋಮ್ ನಗರದ ಕಥೆ. ಗೋಡೆಗೆ ಭಿತ್ತಿಪತ್ರ ಹಚ್ಚುವ ಕೆಲಸ ಸಿಕ್ಕವನಿಗೆ ಸೈಕಲ್ಲು ಬೇಕೇ ಬೇಕು. ಮನೆಯ ಹಾಸಿಗೆಯ ಬಟ್ಟೆ ಅಡವಿಟ್ಟು ಸೈಕಲ್ಲು ಬಿಡಿಸಿಕೊಂಡು ಬರುತ್ತಾನೆ. ಮೊದಲ ದಿನವೇ ಅದು ಕಳುವಾಗುತ್ತದೆ. ಸಣ್ಣ ಮಗನ ಕೈ ಹಿಡಿದು ಊರೆಲ್ಲ ಹುಡುಕುತ್ತಾನೆ. ಕೊನೆಗೆ ತಾನೇ ಒಂದು ಸೈಕಲ್ಲು ಕದಿಯಲು ಹೋಗಿ, ಮಗನ ಕಣ್ಣೆದುರಿಗೆ ಸಿಕ್ಕಿಬೀಳುತ್ತಾನೆ. ಆ ತಂದೆಯ ಪಾತ್ರ ಮಾಡಿದವನು ಕಸುಬಿನ ನಟನಲ್ಲ, ಕಾರ್ಖಾನೆಯ ಕಾರ್ಮಿಕ. ಮಗನ ಮುಂದೆ ಮಾನ ಕಳೆದುಕೊಂಡ ತಂದೆಯ ಸಂಕಟ ತಿಳಿಯಲು ಡಿಗ್ರಿ ಬೇಕೇ?

ಕುರೊಸಾವಾ ಅವರ 1950ರ ‘ರಾಶೋಮಾನ್’ ವಿಜ್ಞಾನದ ವಿದ್ಯಾರ್ಥಿಗಳು ನೋಡಲೇಬೇಕಾದದ್ದು. ಕಾಡಿನಲ್ಲಿ ಒಬ್ಬ ಸಮುರಾಯ್ ಸತ್ತಿದ್ದಾನೆ. ದರೋಡೆಕೋರ ಒಂದು ಬಗೆ ಹೇಳುತ್ತಾನೆ, ಸತ್ತವನ ಹೆಂಡತಿ ಇನ್ನೊಂದು ಬಗೆ. ಮೈಮೇಲೆ ಬಂದವಳ ಬಾಯಿಂದ ಸತ್ತವನ ಆತ್ಮವೇ ಮೂರನೆಯ ಬಗೆ ಹೇಳುತ್ತದೆ. ಕಟ್ಟಿಗೆ ಕಡಿಯುವವ ನಾಲ್ಕನೆಯ ಬಗೆ. ಪ್ರತಿಯೊಬ್ಬರೂ ತಮಗೆ ಅನುಕೂಲವಾದದ್ದನ್ನು ಸತ್ಯವೆನ್ನುತ್ತಾರೆ. ಹೊಲದ ಬದುವಿನ ಜಗಳಕ್ಕೆ ಪಂಚರ ಮುಂದೆ ಸಾಕ್ಷಿ ಹೇಳಿದ, ಕೇಳಿದ ರೈತನಿಗಿಂತ ಚೆನ್ನಾಗಿ ಈ ಕಥೆ ಯಾರಿಗೆ ತಿಳಿದೀತು? 1951ರಲ್ಲಿ ಈ ಚಿತ್ರಕ್ಕೆ ವೆನಿಸ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಬಂತು.

2012ರಲ್ಲಿ ಪಿ.ಕೆ. ನಾಯರ್ ಅವರ ಬದುಕಿನ ಮೇಲೆ ‘ಸೆಲ್ಯುಲಾಯ್ಡ್ ಮ್ಯಾನ್’ ಎಂಬ ಸಾಕ್ಷ್ಯಚಿತ್ರ ಬಂತು. ಅದರಲ್ಲಿ ಹೆಗ್ಗೋಡಿನ ಭಾಗವೂ ಇದೆ. ಹಿಂದೆಂದೋ ನೋಡಿದ ಈ ಚಿತ್ರಗಳ ಬಗ್ಗೆ ಅಲ್ಲಿಯ ಹಳ್ಳಿಗರು ತಮ್ಮ ಮಾತಿನಲ್ಲಿ ತಾವು ಹೇಳುತ್ತಾರೆ. ‘ಹಳ್ಳಿಯವರಿಗೆ ಎಲ್ಲಿ ತಿಳೀತದೆ’ ಎಂಬ ಪ್ರಶ್ನೆಗೆ ಇದಕ್ಕಿಂತ ಬೇರೆ ಉತ್ತರ ಬೇಡ.

ಹಳೆಯದೊಂದು ನಂಬಿಕೆ

ಸುಬ್ಬಣ್ಣನವರಿಗೆ ಈ ಧೈರ್ಯ ಎಲ್ಲಿಂದ ಬಂತು? ನನಗೆ ತೋರುವಂತೆ ಕನ್ನಡದ ಒಂಬತ್ತನೆಯ ಶತಮಾನದ ಗ್ರಂಥ ‘ಕವಿರಾಜಮಾರ್ಗ’ದಿಂದ. ಕಾವೇರಿಯಿಂದ ಗೋದಾವರಿಯವರೆಗಿನ ಈ ನಾಡಿನ ಜನ ಓದಿ ಕಲಿಯದಿದ್ದರೂ ಕಾವ್ಯವನ್ನು ಬಲ್ಲ ಬುದ್ಧಿಯುಳ್ಳವರು ಎಂಬ ಅರ್ಥದ ಮಾತು ಅದರಲ್ಲಿದೆ. ಆ ನಾಡಿನ ತಿರುಳೆಂದು ಅದು ಹೆಸರಿಸುವ ಊರುಗಳಲ್ಲಿ ಒಂದಾದ ಒಕ್ಕುಂದ ನಮ್ಮ ಬೆಳಗಾವಿ ಜಿಲ್ಲೆಯದೇ. ಈ ಗ್ರಂಥವನ್ನು ಕುರಿತು ಸುಬ್ಬಣ್ಣ ಬರೆದ ‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’ ಕೃತಿಗೆ 2003ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಅವರು ಹಳೆಯ ಗ್ರಂಥದ ಮಾತನ್ನು ಬರೀ ವಿವರಿಸಿ ಬಿಡಲಿಲ್ಲ. ಯಂತ್ರ, ಪರದೆ, ಡಬ್ಬಿ ತಂದಿಟ್ಟು ಪ್ರಯೋಗ ಮಾಡಿ ನೋಡಿದರು. ಪ್ರಯೋಗ ಫಲಿಸಿತು.

ನಮ್ಮ ಭಾಗದಲ್ಲಿಯೂ ಇದಕ್ಕೆ ಸಾಕ್ಷಿ ಉಂಟು. ಪ್ರಭಾತ್ ಕಂಪನಿಯ 1936ರ ‘ಸಂತ ತುಕಾರಾಮ್’ ಚಿತ್ರವನ್ನು ಹಳ್ಳಿಗಳ ಜನ ಮುಗಿಬಿದ್ದು ನೋಡಿದರು. ಮರುವರ್ಷ ಅದೇ ಚಿತ್ರಕ್ಕೆ ವೆನಿಸ್ ಉತ್ಸವದಲ್ಲಿ ಮನ್ನಣೆ ಸಿಕ್ಕಿತು. ಆಷಾಢದಲ್ಲಿ ಪಂಢರಪುರಕ್ಕೆ ನಡೆದು ಹೋಗುವವನಿಗೂ ವೆನಿಸ್ಸಿನ ಪಂಡಿತನಿಗೂ ಒಂದೇ ಚಿತ್ರ ಮೆಚ್ಚಿಗೆಯಾಯಿತು. ಒಳ್ಳೆಯದು ಬೇರೆ, ಜನಕ್ಕೆ ಬೇಕಾದದ್ದು ಬೇರೆ ಎಂದು ಗೆರೆ ಕೊರೆಯುವವರು ಇದನ್ನು ಯೋಚಿಸಬೇಕು.

1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಗ್ರಾಮೀಣ ಕರ್ನಾಟಕಕ್ಕೆ ಜಗತ್ತಿನ ಅತ್ಯುತ್ತಮ ಚಿತ್ರಗಳನ್ನೂ ಜೀವಂತ ರಂಗಭೂಮಿಯ ಆನಂದವನ್ನೂ ತಂದುಕೊಟ್ಟವರೆಂದು ಆ ಪ್ರಶಸ್ತಿ ಅವರನ್ನು ಗುರುತಿಸಿತು. 2004ರಲ್ಲಿ ಪದ್ಮಶ್ರೀ ಬಂತು. 2005ರ ಜುಲೈ 16ರಂದು ಅವರು ತೀರಿಕೊಂಡರು. 1980ರಲ್ಲಿ ಆರಂಭವಾದ ನೀನಾಸಂ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಹೊರಟ ‘ತಿರುಗಾಟ’ ನಾಟಕ ತಂಡ, ಪ್ರತಿವರ್ಷದ ಸಂಸ್ಕೃತಿ ಶಿಬಿರ ಅವರ ನಂತರವೂ ನಡೆದು ಬಂದಿವೆ.

ನಮ್ಮ ಮನೆ, ನಮ್ಮ ಶಾಲೆ

ಇದನ್ನೆಲ್ಲ ಯಾಕೆ ಹೇಳಿದೆನೆಂದರೆ, ‘ಇವರಿಗೆ ತಿಳಿಯುವುದಿಲ್ಲ’ ಎಂಬ ಮಾತು ಸಿನಿಮಾಕ್ಕೆ ಮಾತ್ರ ಸೇರಿದ್ದಲ್ಲ. ಮೂವತ್ತು ವರ್ಷಗಳಿಂದ ಶಾಲೆಯಲ್ಲಿ ಅದನ್ನು ಕೇಳುತ್ತ ಬಂದಿದ್ದೇನೆ. ‘ಹಳ್ಳಿ ಹುಡುಗರಿಗೆ ಪ್ರಯೋಗ ಗೀಯೋಗ ಯಾಕ್ರೀ ಸರ್, ಉತ್ತರ ಬಾಯಿಪಾಠ ಮಾಡಿಸಿಬಿಡ್ರಿ’ ಎನ್ನುವವರಿದ್ದಾರೆ. ‘ನನ್ನ ಮಗಳಿಗೆ ಗಣಿತ ಹತ್ತೋದಿಲ್ಲ, ಆರ್ಟ್ಸ್ ಕೊಡಿಸಿಬಿಡ್ತೀನಿ’ ಎಂದು ಎಂಟನೆಯ ತರಗತಿಯಲ್ಲಿಯೇ ತೀರ್ಮಾನಿಸುವ ತಂದೆಯರಿದ್ದಾರೆ. ಹೀಗೆ ಹೇಳುವವರಲ್ಲಿ ಹೆಚ್ಚಿನವರು ಮಕ್ಕಳ ಮೇಲಿನ ಅಕ್ಕರೆಯಿಂದಲೇ ಹೇಳುತ್ತಾರೆ. ಆದರೆ ಆ ಅಕ್ಕರೆಯ ಮಾತು ಮಗುವಿನ ಮುಂದಿನ ಬಾಗಿಲನ್ನು ಮುಚ್ಚುತ್ತದೆ. ತೋರಿಸಿ ನೋಡದೆ ತಿಳಿಯುವುದಿಲ್ಲ ಎನ್ನುವುದು ವಿಜ್ಞಾನದ ರೀತಿಯಲ್ಲ.

ಈಗಿನ ಸಂಕಟ ಇನ್ನೊಂದು ಬಗೆಯದು. ಹೆಗ್ಗೋಡಿಗೆ ಒಂದು ಚಿತ್ರ ಬರಬೇಕಾದರೆ ಪತ್ರ ಬರೆದು, ಡಬ್ಬಿ ತರಿಸಿ, ಕರೆಂಟು ಇರಲೆಂದು ಹಾರೈಸಿ ಕಾಯಬೇಕಾಗಿತ್ತು. ಇಂದು ಐಗಳಿಯ ಹುಡುಗನ ಕಿಸೆಯಲ್ಲಿ ಸಾವಿರಾರು ಚಿತ್ರಗಳಿವೆ. ಅವನು ನೋಡುವುದು ಮಾತ್ರ ಬೆರಳು ಸರಿಸಿದಂತೆ ಸರಿಯುವ ಅರ್ಧ ನಿಮಿಷದ ತುಣುಕುಗಳನ್ನು. ಆರಿಸುವ ಕೆಲಸವನ್ನು ಯಂತ್ರಕ್ಕೆ ಬಿಟ್ಟಿದ್ದಾನೆ. ಯಾವುದನ್ನು ನೋಡಿದರೆ ಅವನು ಇನ್ನೂ ಹೆಚ್ಚು ಹೊತ್ತು ಕುಳಿತಾನು ಎಂಬ ಲೆಕ್ಕ ಯಂತ್ರದ್ದು. ಯಾವುದನ್ನು ನೋಡಿದರೆ ಅವನು ಬೆಳೆದಾನು ಎಂಬ ಲೆಕ್ಕ ಸುಬ್ಬಣ್ಣನಂಥವರದು. ಚಿತ್ರೋತ್ಸವದ ನಿರ್ದೇಶಕನೆಂದರೆ ಈ ಎರಡನೆಯ ಲೆಕ್ಕ ಮಾಡುವವನು. ಮೊಬೈಲು ಕಸಿದುಕೊಂಡರೆ ಆ ಲೆಕ್ಕ ಮಾಡಿದಂತಾಗುವುದಿಲ್ಲ; ಪಕ್ಕದಲ್ಲಿ ಕುಳಿತು ನೋಡಬೇಕಾಗುತ್ತದೆ.

ಪಾಲಕರೇ, ತಿಂಗಳಿಗೆ ಒಂದು ರವಿವಾರ ಸಂಜೆ ಸಾಕು. ಮೊಬೈಲಿನ ಸಣ್ಣ ಪರದೆ ಬೇಡ, ಮನೆಯ ಟಿ.ವಿ. ಇರಲಿ, ಇಲ್ಲವೇ ಶಾಲೆಯ ಪ್ರೊಜೆಕ್ಟರ್ ಕೇಳಿರಿ. ಬಹಳ ಕಡೆ ಅದು ಗವುಸು ಹೊದ್ದು ಕುಳಿತಿರುತ್ತದೆ. ಒಂದು ಒಳ್ಳೆಯ ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ, ನಡುವೆ ನಿಲ್ಲಿಸದೆ, ಮನೆಮಂದಿಯೆಲ್ಲ ಕೂಡಿ ನೋಡಿರಿ. ಚಾಪ್ಲಿನ್ನನ ಮಾತಿಲ್ಲದ ಚಿತ್ರಗಳಿಂದ ಶುರು ಮಾಡಿದರೆ ಅಜ್ಜಿಯೂ ನಗುತ್ತಾಳೆ, ಮೊಮ್ಮಗನೂ ನಗುತ್ತಾನೆ. ಆ ಮೇಲೆ ‘ಪಥೇರ್ ಪಾಂಚಾಲಿ’, ನಮ್ಮವರೇ ಆದ ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ನೋಡಬಹುದು. ಕಾಸರವಳ್ಳಿ ಕಲಿತದ್ದೂ ಆ ಪುಣೆಯ ಇನ್‌ಸ್ಟಿಟ್ಯೂಟಿನಲ್ಲಿಯೇ.

ವಿದ್ಯಾರ್ಥಿ ಮಿತ್ರರೇ, ಚಿತ್ರ ಮುಗಿದ ಮೇಲೆ ‘ಚಲೋ ಇತ್ತು’, ‘ಬೋರ್ ಆತು’ ಎಂದು ಎದ್ದು ಹೋಗಬೇಡಿರಿ. ಒಂದು ನೋಟುಬುಕ್ಕಿನಲ್ಲಿ ನಾಲ್ಕು ಉತ್ತರ ಬರೆಯಿರಿ. ಯಾವ ದೃಶ್ಯ ಕಣ್ಣು ಮುಚ್ಚಿದರೂ ಕಾಣುತ್ತದೆ? ಅದರಲ್ಲಿ ಬೆಳಕು ಯಾವ ಕಡೆಯಿಂದ ಬಿದ್ದಿತ್ತು? ಏನೂ ಮಾತಾಡದೆ ತಿಳಿಸಿದ ಸಂಗತಿ ಯಾವುದು? ಯಾವ ಪಾತ್ರದ ಮಾತನ್ನು ನೀನು ನಂಬಲಿಲ್ಲ, ಯಾಕೆ? ಮನೆಯ ಎಲ್ಲರ ಉತ್ತರಗಳನ್ನೂ ಓದಿ ಹೇಳಿರಿ. ಒಂದೇ ಚಿತ್ರವನ್ನು ಐದು ಮಂದಿ ಐದು ಬಗೆಯಾಗಿ ನೋಡಿದ್ದು ತಿಳಿದಾಗ ‘ರಾಶೋಮಾನ್’ ನಿಮ್ಮ ಪಡಸಾಲೆಯಲ್ಲೇ ನಡೆದಂತೆ. ಅಕ್ಷರ ಬಾರದ ಅಜ್ಜಿಯ ಉತ್ತರವನ್ನು ನೀವೇ ಬರೆದುಕೊಳ್ಳಿರಿ; ಬಿಡಬೇಡಿರಿ. ಎಷ್ಟೋ ಸಲ ಆಕೆ ಕಂಡದ್ದು ಉಳಿದ ನಾಲ್ವರಿಗೆ ಕಂಡಿರುವುದಿಲ್ಲ.